ಇನ್ನೂ ಸಣ್ಣದ ಕೊಡ್ರಿ ಅಕ್ಕಾ

ಸುಣ್ಣದ ಖಡುವಿನ ಪುಡಿ ಬಿಸಿಲಾಗ ತೇಲಾಕತ್ತೇತಿ, ಕಿಟಕಿಯಿಂದ ಬೋರ್ಡಿನ ಮಟ ಬಿದ್ದ ಬಿಸಿಲಾಗ, ಕೆಳಗ ಬೀಳವಲ್ಲದು, ಮ್ಯಾಲೆ ಏರವಲ್ಲದು, ಯಾರು ಒರೆಸಿದ್ರು ಬೋರ್ಡು, ಅನುರಾಧಾನ ಒರೆಸಿದ್ದು, ಡಸ್ಟರ್ ಸಿಗಲಿಲ್ಲಂತ ಅಂಗೈಲೇ ಒರೆಸಿಬಿಟ್ಟಾಳ, ಶೋಭಕ್ಕನಂಗ — ಶೋಭಕ್ಕನ ಅಂಗೈ ಯಾವಾಗ್ಲೂ ಬೆಳ್ಳಗ ಇರ್ತಿತ್ತು, ಆ ಬಿಳೆ ಅಂಗೈ ಚಾಚಿ ಖಡು ಹಿಡೀತಿದ್ಳು, ತಗೋ ಅನು, ನೀ ಬರಿ. ಹೋದ ವರ್ಷ ಇದೇ ಗೋಕಾಕದ ಕಾಲೇಜು, ಇದೇ ಖೋಲಿ, ಕ್ಲಾಸ್ ಮುಗಿದ ಮ್ಯಾಲಿನ ತಾಸು, ರಿಯಲ್ ಅನಾಲಿಸಿಸ್ ಅನ್ನೋ ಗಣಿತದ ಪೇಪರಿಗೆ ಹೆದರಿದವರೆಲ್ಲಾ ಬಂದು ಕುಂಡ್ರೋ ತಾಸು, ಒಂದು ವರ್ಷ ಮುಂದಿನಾಕಿ ಶೋಭಕ್ಕ ನಡಸ್ತಿದ್ಳು, ಮಾಸ್ತರಿಕಿ ಮಾಡದ, ಅನುರಾಧಾ ಮೂರನೇ ಬೆಂಚಿನಾಗ. ಈಗ ಆ ಬೆಂಚಿನಾಗ ಕಾಶೆವ್ವ ಕುಂತಾಳ, ಅಜ್ಜಿ ಹೆಸರು ಇಟ್ಟಾರಂತ ಹಾಜರಿ ಕರೆಯೋವಾಗ ತಲಿ ತಗ್ಗಿಸೋ ಹುಡುಗಿ, ಬೋರ್ಡಿನ ಬಾಜೂಕ ನಿಂದ್ರಬೇಕಾದಾಕಿ ಅನುರಾಧಾ. ಆ ಪೇಪರ್ ಕಲಸೋ ಗುರುಲಿಂಗಪ್ಪ ಸರ್ ಕೇಳಿದ್ರು, ಈ ವರ್ಷ ನೀ ನಡಸ್ತಿ ಏನವಾ, ಹೂಂ ರಿ ಸರ್ ಅಂದಬಿಟ್ಳು, ಖುಷೀಲೆ, ಶೋಭಕ್ಕ ನಿಂತ ಜಾಗದಾಗ ನಿಂತ್ರ ಶೋಭಕ್ಕ ಹತ್ತಿರ ಬಂದಂಗ ಆಕ್ಕೇತಿ ಅಂತ, ಎಂಥಾ ಹುಚ್ಚಿ, ಆ ಜಾಗದಾಗ ನಿಂತ್ರ ಶೋಭಕ್ಕ ಕಾಣೂದಾದ್ರೂ ಹ್ಯಾಂಗ, ಆಕಿ ಕಾಣತಿದ್ದದ್ದು ಬೆಂಚಿನಿಂದ.

ಮೊದಲನೇ ದಿನ ಏನ್ ಮಾಡಿದಿ, ಬೋರ್ಡ್ ತುಂಬ ಬರದಿ, ಕೈ ನಿಂದರಲೇ ಇಲ್ಲ, ಎಪ್ಸಿಲಾನ್, ಡೆಲ್ಟಾ, ಸರಸರ, ಎಲ್ಲಾರೂ ಬರಕೊಂಡ್ರು, ಭಾಳ ಚಂದ ಹೇಳ್ತೀರಿ ಅಕ್ಕಾರ ಅಂದ್ರು, ಎದಿ ಉಬ್ಬಿ ಹೋತು, ಹಿಂದಿನ ಬೆಂಚಿನಾಗ ಕುಂತಿದ್ದ ಗುರುಲಿಂಗಪ್ಪ ಸರ್ ಆಮ್ಯಾಲೆ ಕರದು ಅಂದ್ರು, ಪಾಠ ಮಾಡಾಕ ನಾ ಇದ್ದೇನಿ, ಅದಕ್ಕ ನನಗ ಪಗಾರ ಕೊಡ್ತಾರ, ನಿನಗ್ಯಾಕ ಆ ಉಸಾಬರಿ, ನೀ ಪ್ರಶ್ನೆ ಕೇಳಬೇಕು, ಕೇಳಿ ಸುಮ್ಮನಿರಬೇಕು, ಖಡು ಅವರ ಕೈಯಾಗ ಇರಬೇಕು. ಮರುದಿನ ನಳದ ಹತ್ತಿರ ಕಾಶೆವ್ವ — ಅಕ್ಕಾ, ನಿಮಗ ಬರತೈತ್ರಿ, ಹಂಗಾಗಿ ಹಗೂರ ಅನಸ್ತೈತಿ, ನನ್ನ ತಲಿಗೆ ಹತ್ತೂದಲ್ಲಿದು, ಗಣಿತ ಬಿಟ್ಟು ಬ್ಯಾರೇ ತಗೋತೇನ್ರಿ, ಇನ್ನೊಂದ ದಿನ ಬರ್ತೇನಿ, ಅದೂ ನಿಮ್ಮ ಮಾರಿ ನೋಡಿ. ಆ ಇನ್ನೊಂದ ದಿನ ಇವತ್ತು. ನನ್ನ ತಲಿಗೆ ಹತ್ತೂದಲ್ಲಿದು, ಇದೇ ಮಾತು ಹೋದ ವರ್ಷ ಅನುರಾಧಾನೂ ಅಂದಿದ್ಳು ಶೋಭಕ್ಕನ ಮುಂದ, ಶೋಭಕ್ಕ ಹೋಗಬ್ಯಾಡ ಅನ್ನಲಿಲ್ಲ, ಧೈರ್ಯ ಹೇಳಲಿಲ್ಲ, ಬೆಂಚಿಗೆ ಬಂದು ಸರದು ಕುಂತು ಅಂದ್ಳು, ಹುಕ್ಕೇರಿಂದ ಬಸ್ಸಿಗೆ ಬರ್ತಿಯಲ್ಲ, ಬಸ್ಸ ಸ್ಟಾಪಿನ ಗಿಡದ ನೆರಳಾಗೇ ನಿಂದ್ರಬೇಕು ಅಂತ ನಾ ಹಟ ಹಿಡೀತೇನಿ, ಡ್ರೈವರ ಬ್ರೇಕ್ ಒತ್ತೂದ್ರಾಗ ಎಷ್ಟು ಹಿಂದ ಮುಂದ ಆದ್ರ ನಡೀತೈತಿ ನೀ ಹೇಳು, ನೆರಳು ನನ್ನದು, ಅದು ಎಪ್ಸಿಲಾನ್, ಬ್ರೇಕು ನಿನ್ನದು, ಅದು ಡೆಲ್ಟಾ, ಹೇಳಿದಿ? ತಗೋ, ನೆರಳ ಸಣ್ಣದ ಮಾಡಿದೆ, ಈಗ? ಇನ್ನೂ ಸಣ್ಣದ ಮಾಡಿದೆ, ಈಗ? — ಕಡೀಕ ಅನುರಾಧಾನೇ ಆಕಿ ಬೆನ್ನ ಹತ್ತಿದ್ಳು, ಇನ್ನೊಂದ ಕೊಡಕ್ಕಾ, ಇನ್ನೂ ಸಣ್ಣದ ಕೊಡು. ಇಬ್ಬರ ಆಟ ಅದು, ಒಬ್ಬರು ಕೊಟ್ಟರ ಒಬ್ಬರು ಹುಡಕೂದು, ಈಗ ಕೊಡಾಕಿ ತಾನ ಆದ್ಳು, ತನಗ ಕೊಡವ್ರು ಯಾರು.

ಮೂಡಲಗಿ ಏನ್ ಪರದೇಶಲ್ಲ, ಬಸ್ ಹತ್ತಿ ಒಂದ ಜೋಂಪು ಹತ್ತೂದ್ರಾಗ ಬರ್ತೈತಿ, ಅಲ್ಲಿ ಸಾಲಿಯೊಳಗ ಗಣಿತ ಕಲಸಾಕತ್ತಾಳ ಶೋಭಕ್ಕ, ಅಷ್ಟ ಹತ್ತಿರ ಇದ್ದೂ ಸಿಗಂಗಿಲ್ಲ, ಇವತ್ತ ಮುಂಜಾನೆ ಫೋನ್ ಹಚ್ಚಿದ್ರ ಹಿಂದ ಹುಡುಗರ ಗದ್ದಲ, ಅನೂ, ಕ್ಲಾಸಿನಾಗ ಅದೀನಿ, ಆಮ್ಯಾಲೆ ಮಾಡ್ತೇನಿ, ಕಟ್. ಹೋದ ವಾರಾನೂ ಹಿಂಗ. ಮರತಾಳ ಬಿಡು, ಮತ್ಯಾರಿಗೋ ನೆರಳ ಸಣ್ಣದ ಮಾಡಿ ಕೊಡಾಕತ್ತಾಳ, ಖರೆ ಹೇಳಬೇಕಂದ್ರ ಆ ಸಾಲಿ ಹುಡುಗರ ಮ್ಯಾಲೆ ಹೊಟ್ಟಿ ಉರೀತೈತಿ ಅನುರಾಧಾಗ, ನಾಚಿಕಿ ಬರಬೇಕು, ಬರೂದಿಲ್ಲ. ಒಂದ ಮಾತು ಕೇಳಬೇಕಿತ್ತು ಅಷ್ಟ, ಅಕ್ಕಾ, ಉತ್ತರ ಗೊತ್ತಿದ್ದೂ ನೀ ಸುಮ್ಮನ ಹ್ಯಾಂಗ ಇರ್ತಿದ್ದಿ.

ಈಗ ಬೋರ್ಡಿನ ಮ್ಯಾಲೆ ಒಂದ ಲೆಕ್ಕ, ಎಕ್ಸಿನ ಎರಡು ಪಟ್ಟು, ಎಕ್ಸ್ ಮೂರರ ಹತ್ತಿರ ಬಂದ್ರ ಅದು ಆರರ ಹತ್ತಿರ, ಡೆಲ್ಟಾ ಎಷ್ಟು, ನೆರಳು ಬ್ರೇಕು ಎಲ್ಲಾ ಹೇಳಿ ಆತು, ಕಾಶೆವ್ವ ಪೆನ್ನಿನ ಟೋಪಿ ಕಚ್ಚಾಕತ್ತಾಳ, ಫ್ಯಾನು ಕಟಕಟ ಅಂತೈತಿ, ಉತ್ತರ ಅನುರಾಧಾನ ನಾಲಿಗಿ ತುದಿಗೆ ಬಂದು ಕುಂತೈತಿ, ಹೇಳಿಬಿಡಲೇನ, ಹೇಳಿದ್ರ ಹೋಗತಾಳ, ಹೇಳದನೂ ಹೋದ್ರ? — ಹೋಗಬ್ಯಾಡ ಹುಡುಗಿ, ನೀ ಹೋದ್ರ ಆ ಬೆಂಚಿನ ಕಡೆ ನಾ ಹ್ಯಾಂಗ ನೋಡ್ಲಿ — ಬೆನ್ನ ಹಿಂದ ಕೈ ಕಟ್ಟಿ ಉಗುರು ಅಂಗೈಗೆ ಒತ್ತಾಕತ್ತಾಳ, ಅಯ್ಯ ಶಿವನ, ಶೋಭಕ್ಕನೂ ಹಿಂಗ ಹಿಂದ ಕೈ ಕಟ್ಟತಿದ್ಳಲ್ಲ, ಎಷ್ಟ ಆರಾಮ ನಿಂತಾಳ ಅಂತ ತಿಳದಿದ್ವಿ, ಎಲ್ಲೀ ಆರಾಮ, ಆಕಿಗೂ ಒಳಗ ಹಿಂಗ ಕುದೀತಿತ್ತು, ನನ್ನ ಸಲುವಾಗಿ ಕುದೀತಿತ್ತು. ಕೈ ಮುಂದ ಚಾಚಿದ್ಳು, ತಗೋ ಕಾಶೆವ್ವ, ನೀ ಬರಿ. ಏಳವಲ್ಲಳು. ಎದ್ಳು. ಖಡು ತಗೊಂಡ್ಳು, ಬೆರಳು ತಣ್ಣಗದಾವ, ಎಪ್ಸಿಲಾನ್ ಅಂತ ಬರದ್ಳು, ಒರೆಸಿದ್ಳು, ಬ್ರೇಕ್ ಒಂದು ಮಾರು ತಪ್ಪಿದ್ರ ಬಸ್ಸು ಎರಡು ಮಾರು ತಪ್ಪತೈತಲ್ರಿ, ಹಂಗಾರ — ತಡೀರಿ, ಹೇಳಬ್ಯಾಡ್ರಿ — ಅರ್ಧ, ಎಪ್ಸಿಲಾನಿನ ಅರ್ಧ, ಹೌದಲ್ರಿ? ಹೌದು ಅನ್ನಲಿಲ್ಲ ಅನುರಾಧಾ, ನೀನ ಹಾಕಿ ನೋಡು ಅಂದ್ಳು, ಕಾಶೆವ್ವ ಹಾಕಿ ನೋಡಿದ್ಳು, ತಲಿ ತಗ್ಗಿಸೋ ಹುಡುಗಿ ತಲಿ ಎತ್ತಿದ್ಳು, ಇನ್ನೊಂದ ಕೊಡ್ರಿ ಅಕ್ಕಾ, ಇನ್ನೂ ಸಣ್ಣದ ಕೊಡ್ರಿ, ಹಿಡೀತೇನಿ. ಮೇಜಿನ ಮ್ಯಾಲೆ ಫೋನ್ ಗುರ್ ಅಂತು, ಶೋಭಕ್ಕ ಅಂತ ಹೆಸರು ಹೊಳದೇತಿ, ಈಗೇ ಬರಬೇಕ, ಎತ್ತು, ಎಷ್ಟ ದಿನದಿಂದ ಕಾಯಾಕತ್ತಿ, ಒಂದ ಮಾತು, ಒಂದ ಅನೂ ಅನ್ನೂದು, ಸಾಕು — ಕಾಶೆವ್ವ ಖಡು ಹಿಡಕೊಂಡು ನಿಂತಾಳ, ಈಗ ಬಿಟ್ರ ಹೋಗತಾಳ, ಎತ್ತಲಿಲ್ಲ. ಹಿಂಗೇನ ಶೋಭಕ್ಕ, ನೀ ಮರತಿರಲಿಲ್ಲಲ್ಲ, ನಿನ್ನ ಮುಂದೂ ಯಾವಳೋ ಒಬ್ಬಾಕಿ ಖಡು ಹಿಡಕೊಂಡು ನಿಂತಿದ್ಳು. ಫೋನ್ ಬೋರಲ ಹಾಕಿ ಮ್ಯಾಲೆ ಕೈ ಒತ್ತಿದ್ಳು, ತಗೋ ಕಾಶೆವ್ವ, ನೆರಳ ಇನ್ನೂ ಸಣ್ಣದ ಮಾಡಿದೆ, ಈಗ? ಅಂಗೈ ಕೆಳಗ ಗುರ್ ಗುರ್, ಆಮ್ಯಾಲೆ ನಿಂತೇತಿ, ಕೈ ತಗದ್ಳು, ಕರೀ ಫೋನಿನ ಬೆನ್ನ ಮ್ಯಾಲೆ ಮೂಡೇತಿ, ಬೆರಳು ಬೆರಳು, ಬೆಳ್ಳಗ, ಶೋಭಕ್ಕಂದೋ ತನ್ನದೋ, ಬಿಳೆ ಅಂಗೈ, ಬಿಳೆ ಅಂಗೈ —