ಚಿಂದಿ ಕಟ್ಟಿದ ಬಿಲ

“ಹಾಕೇ ಕೈಯ, ಇಲಿ ತಿನ್ನೋ ಮುಂಡೇದೆ,” ಎಂದು ಝಪ್ಸಿ ಬಿಗನಿಯ ಕುತ್ತಿಗೆ ಹಿಡಿದು ಬದುವಿನ ಬುಡಕ್ಕೆ ಬಗ್ಗಿಸಿದ. ಬಿಲದ ಬಾಯಿ ಅವಳ ಮೂಗಿನಿಂದ ಒಂದು ಗೇಣು ದೂರದಲ್ಲಿತ್ತು. ಪಕ್ಕದಲ್ಲಿ ನೆಟ್ಟ ಜಾಲಿಕಡ್ಡಿಗೆ ಅವ್ವನ ಹಳೇ ಸೀರೆಯ ಚಿಂದಿ ಕಟ್ಟಿತ್ತು. ಇಲ್ಲಿ ಹಾವಿದೆ, ಕೈ ಹಾಕಬೇಡಿ ಎಂದು ಇಲಿ ಹಿಡಿದು ಬದುಕುವ ಮುಸಹರರ ಕೇರಿಯ, ಅವರ ಟೋಲಿಯ, ಮಕ್ಕಳಿಗೆಲ್ಲ ಹೇಳುವ ಚಿಂದಿ ಅದು.

ಭತ್ತ ಕೊಯ್ದಾದ ಮೇಲೆ ಇಲಿಬಿಲದ ಕಾಳು ಟೋಲಿಯವರದು. ಅಜ್ಜ ಮುತ್ತಜ್ಜರ ಕಾಲದಿಂದ ನಡೆದು ಬಂದದ್ದು. ಹೊಲದ ನಡುವಿನ ಬಿಲವಾದರೆ ಹಾರೆ ಹಾಕಿ ಅಗೆಯಬಹುದು. ಬದು ಅಗೆದರೆ ಮಾಲೀಕ ಬೆನ್ನಿನ ಚರ್ಮ ಸುಲಿಯುತ್ತಾನೆ. ಹಾಗಾಗಿ ಬದುವಿನ ಬಿಲಗಳಿಗೆ ಮಕ್ಕಳ ಕೈಯೇ ಗತಿ. ಬಿಗನಿಗೆ ಇನ್ನೂ ಒಂಬತ್ತು ತುಂಬಿರಲಿಲ್ಲ. ಹೊಟ್ಟೆಗಿಲ್ಲದೆ ಕಡ್ಡಿಯಾದ ಅವಳ ಕೈಯನ್ನು ಟೋಲಿಯಲ್ಲಿ ಒಳ್ಳೇ ಕೈ ಎನ್ನುತ್ತಿದ್ದರು.

ಈ ಸಲ ಮಾಲೀಕ ರಾಮಸಿಂಗಾರ್ ಸಿಂಹನ ಕಣ್ಣು ಆ ಕಾಳಿನ ಮೇಲೂ ಬಿದ್ದಿತ್ತು. ತನ್ನ ಹೊಲದ ಇಲಿ ಕದ್ದದ್ದು ತನ್ನದೇ ಭತ್ತ ಎಂಬುದು ಅವನ ನ್ಯಾಯ. ಬೆಳಗಿನಿಂದ ಹೆಂಗಸರು ತೆಗೆದದ್ದನ್ನೆಲ್ಲ ಅವನ ಆಳು ಝಪ್ಸಿ ಗೋಣಿಗೆ ಸುರಿದುಕೊಂಡಿದ್ದ. ಇನ್ನು ಉಳಿದದ್ದು ಚಿಂದಿ ಕಟ್ಟಿದ ಬಿಲಗಳು. ಹಾವು ಗೀವು ಎಲ್ಲ ಸುಳ್ಳು, ಕಾಳು ಬಚ್ಚಿಡುವ ಉಪಾಯ ಎಂದು ಯಾರೋ ಮಾಲೀಕನ ಕಿವಿ ಊದಿದ್ದರು.

ಬಿಗನಿಯ ಅವ್ವ ಕಬೂತ್ರಿ ಮಾಲೀಕನ ಮೋಟಾರ್ ಸೈಕಲ್ಲಿನ ಮುಂದೆ ಅಡ್ಡಬಿದ್ದಿದ್ದಳು. ಮಗಳನ್ನು ಬಿಡಿ, ನನ್ನ ಕೈ ಹಾಕುತ್ತೇನೆ ಎಂದು ಗೋಗರೆಯುತ್ತಿದ್ದಳು.

“ನಿನ್ ಕೈ ಮೊಣಕೈಗೇ ಸಿಕ್ಕಾಕ್ಕೊಳ್ತದೆ,” ಎಂದ ಮಾಲೀಕ. “ಅವಳೇ ಹಾಕ್ಲಿ. ಕಾಳು ಸಿಕ್ತೋ, ಚಿಂದಿ ಇರೋ ಬಿಲಕ್ಕೆಲ್ಲ ನಿಮ್ ಮಕ್ಳ ಕೈ ತುರುಕಿಸ್ತೀನಿ.”

ಬಿಗನಿ ಅವ್ವನ ಮುಖ ನೋಡಿದಳು. ಅವ್ವ ನಿಜವಾಗಿ ಹಾವು ಕಂಡು ಚಿಂದಿ ಕಟ್ಟಿದ್ದಳೋ, ಕಾಳು ಮಾಘದ ಹಸಿವಿಗೆ ಇರಲಿ ಎಂದು ಕಟ್ಟಿದ್ದಳೋ? ಕೆಲವು ಚಿಂದಿಗಳು ಸುಳ್ಳೆಂದು ಮಕ್ಕಳಿಗೂ ಗೊತ್ತಿತ್ತು. ಯಾವುವು ಎಂದು ಮಾತ್ರ ದೊಡ್ಡವರು ಬಾಯಿ ಬಿಡುತ್ತಿರಲಿಲ್ಲ. ಹೋದ ವರ್ಷ ಗನೌರಿಯ ಮಗ ಇಂಥದೇ ಬಿಲಕ್ಕೆ ಕೈ ಹಾಕಿ, ತೋಳು ಕಪ್ಪಗೆ ಊದಿಕೊಂಡು ಸತ್ತಿದ್ದ. ಅವನ ಬಾಯಿಂದ ಬಂದ ನೊರೆ ಬಿಗನಿಯ ಕಣ್ಣಿಂದ ಇನ್ನೂ ಹೋಗಿರಲಿಲ್ಲ.

ಝಪ್ಸಿ ಬೆನ್ನಿಗೆ ಒದ್ದ. ಅವಳು ಕೈ ಹಾಕಿದಳು.

ಮೊಣಕೈವರೆಗೆ ತಣ್ಣನೆಯ ಮಣ್ಣು. ತೊಡೆಯ ನಡುವೆ ಬಿಸಿಯಾಗಿ ಉಚ್ಚೆ ಇಳಿಯಿತು. ಹೆಗಲವರೆಗೆ ಇಳಿಸಿದಾಗ ಬೆರಳಿಗೆ ಭತ್ತ ತಗುಲಿತು. ಬೆರಳು ಎಲ್ಲಿ ಆಡಿಸಿದರೂ ಭತ್ತವೇ. ಅಷ್ಟು ಕಾಳನ್ನು ಅವಳು ತನ್ನ ಗುಡಿಸಲಿನಲ್ಲಿ ಎಂದೂ ಕಂಡಿರಲಿಲ್ಲ. ಆಗಲೇ ಏನೋ ಬೆರಳನ್ನು ಕಚ್ಚಿ, ಕೂದಲ ಮೈ ಉಜ್ಜಿಕೊಂಡು ಆಚೆ ಓಡಿತು. ಇಲಿ.

“ಏನ್ ಸಿಕ್ತೇ?” ಎಂದ ಮಾಲೀಕ.

ಕಾಳು ಎಂದು ಹೇಳಿದರೆ ಉಳಿದ ಚಿಂದಿಗಳ ಬಿಲಕ್ಕೆ ಕೈ ಹಾಕುವ ಮಕ್ಕಳ ಗತಿಯೇನು? ಆ ಚಿಂದಿಗಳಲ್ಲಿ ನಿಜವಾದವೂ ಇದ್ದವು. ಬಿಗನಿ ಹಿಡಿದ ಕಾಳನ್ನು ಒಳಗೇ ಬಿಟ್ಟು, ರಕ್ತ ಸುರಿಯುವ ಕೈಯನ್ನು ಹೊರಗೆಳೆದಳು.

“ಹಾವು,” ಎಂದಳು.

ಮಾಲೀಕ ಮೋಟಾರ್ ಸೈಕಲ್ಲಿನ ಹಿಂದಕ್ಕೆ ಸರಿದ. ಕಬೂತ್ರಿ ಓಡಿಬಂದು ಬೆರಳು ಹಿಡಿದು ನೋಡಿದಳು. ಇಲಿಹಲ್ಲಿನ ಗುರುತು ಟೋಲಿಯ ಕೂಸಿಗೂ ಗೊತ್ತು. ಅವಳು ಮಗಳ ಕಣ್ಣನ್ನು ಒಂದು ಗಳಿಗೆ ನೋಡಿ, ಸೆರಗು ಹರಿದು ತೋಳಿಗೆ ಬಿಗಿದು, ಎದೆ ಬಡಿದುಕೊಂಡು ಅಳತೊಡಗಿದಳು. ಉಳಿದ ಹೆಂಗಸರೂ ಬಂದು ನೋಡಿದರು, ಅವರೂ ಅತ್ತರು. ಕೊನೆಗೆ ಬಂದ ಗನೌರಿ ಅಳಲಿಲ್ಲ. ಬೆರಳನ್ನು ಬಹಳ ಹೊತ್ತು ನೋಡಿದಳು. ಇವಳು ಹೇಳಿಬಿಡುತ್ತಾಳೆ ಎಂದುಕೊಂಡು ಬಿಗನಿ ಬೆರಳನ್ನು ಮುಷ್ಟಿಯೊಳಗೆ ಎಳೆದುಕೊಂಡಳು.

“ನನ್ ಮಗಂಗೂ ಹಿಂಗೇ ಇತ್ತು,” ಎಂದಳು ಗನೌರಿ.

ಮಾಲೀಕನಿಗೆ ಮತ್ತೆ ಧೈರ್ಯ ಬಂತು. “ಒಂದ್ಸಲ ಕಚ್ತಲ್ಲ, ವಿಷ ಖಾಲಿ ಆಗಿರ್ತದೆ. ಲೇ ಝಪ್ಸಿ, ಆ ಚಿಕ್ಕದನ್ನ ಎಳ್ಕೊಂಬಾ.”

ಬದುವಿನ ಮೇಲೆ ಕೂತಿದ್ದ ಬಿಗನಿಯ ತಮ್ಮ ಟುನ್ನುವಿನ ರಟ್ಟೆಗೆ ಝಪ್ಸಿ ಕೈ ಹಾಕಿದ. ಬಿಗನಿಯ ಸುಳ್ಳು ತಮ್ಮನ ಕುತ್ತಿಗೆಗೇ ಬಂದಿತ್ತು. ನಿಜ ಹೇಳಿಬಿಡಲೆಂದು ಅವಳು ಅವ್ವನ ಕೈ ಕೊಸರಿಕೊಂಡು ಎದ್ದಳು.

ಅಷ್ಟರಲ್ಲಿ ಗನೌರಿ ಹಾರೆ ಹಿಡಿದು ಬಂದು ಬಿಲಕ್ಕೆ ಅಡ್ಡ ನಿಂತಳು.

“ಖಾಲಿ ಆಗಿದ್ರೆ ನೀವೇ ಹಾಕಿ ಮಾಲೀಕ. ಹೊಲ ನಿಮ್ದು, ಕಾಳು ನಿಮ್ದು, ಇಲೀನೂ ನಿಮ್ದೇ ಅಂದ್ರಿ. ಕೈ ಮಾತ್ರ ಯಾಕೆ ನಮ್ದು?”

“ಏನಂದ್ಯೇ ಸೂಳೆ?”

“ಹಾಕಿ ಅಂದೆ. ಸಿಕ್ಕಾಕ್ಕೊಂಡ್ರೆ ನಾವು ಬದು ಅಗ್ದು ಬಿಡಿಸ್ತೀವಿ.”

ಹೆಂಗಸರೆಲ್ಲ ತಮ್ಮ ತಮ್ಮ ಹಾರೆ ಎತ್ತಿಕೊಂಡು ಬಂದರು. ಝಪ್ಸಿ ಟುನ್ನುವಿನ ರಟ್ಟೆ ಬಿಟ್ಟ. ಕತ್ತಲಾದ ಮೇಲೆ ಮಾಲೀಕನ ಕಡೆಯವರು ಟೋಲಿಗೆ ಬೆಂಕಿ ಇಡಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ಆದರೂ ಯಾರೂ ಬದು ಬಿಟ್ಟು ಕದಲಲಿಲ್ಲ.

ಮಾಲೀಕ ಬಿಲವನ್ನು ನೋಡಿದ. ಬಲಗೈಯನ್ನು ಮೆಲ್ಲಗೆ ಜುಬ್ಬಾದ ಖಾಲಿ ಜೇಬಿನಲ್ಲಿ ಬಚ್ಚಿಟ್ಟುಕೊಂಡ.