ಮಾತಿನ ಪಾಲು

ಚಳಿ ಬಿಟ್ಟಿತ್ತು, ಬಿಸಿಲು ಇನ್ನೂ ಬಲಿತಿರಲಿಲ್ಲ. ಮಧ್ಯಾಹ್ನದ ಊಟವಾಗಿ ಕಾಲೇಜಿನ ಗೋಡೆಗಳೂ ತೂಕಡಿಸುವ ಹೊತ್ತು. ಆ ಹೊತ್ತಿನಲ್ಲಿ ಇಂಗ್ಲಿಷ್ ವಿಭಾಗದ ದೊಡ್ಡ ಮೇಷ್ಟ್ರು ತಮ್ಮ ಅಕ್ಕನ ಮಗಳನ್ನು ಕೋಣೆಗೆ ಕರೆದರು. ವಿಭಾಗದಲ್ಲಿ ಖಾಲಿ ಬಿದ್ದಿದ್ದ ಮೇಷ್ಟ್ರ ಕೆಲಸಕ್ಕೆ ಅವಳೂ ಅರ್ಜಿ ಹಾಕಬಹುದು ಎಂದರು. ಹೇಳಿದ ಧಾಟಿ ನೋಡಿದರೆ ಇಡೀ ಊರನ್ನೇ ಉಂಬಳಿ ಬರೆದುಕೊಟ್ಟ ಹಾಗಿತ್ತು.

ಅವಳನ್ನು ವಿಭಾಗದಲ್ಲಿ ಎಲ್ಲರೂ ಕಿವಿಯಮ್ಮ ಎನ್ನುತ್ತಿದ್ದರು. ತಾಯಿ ಸತ್ತ ಮೇಲೆ ಮಾವನ ಮನೆಗೆ ಬಂದವಳು, ಮಾವ ಕಲಿಸುವುದನ್ನೇ ಓದಿ ಅವರಷ್ಟೇ ದೊಡ್ಡ ಪದವಿ ಪಡೆದವಳು. ಆದರೂ ವಿಭಾಗದ ಹಿಂದಿನ ಕತ್ತಲೆ ಕೋಣೆಯೇ ಅವಳಿಗೆ ಗತಿಯಾಗಿತ್ತು. ಕಿಟಕಿಗೆ ಕಪ್ಪು ಪರದೆ, ಒಂದು ಕಂಪ್ಯೂಟರು, ಕಿವಿಗೆ ಹಾಕಿಕೊಳ್ಳುವ ಹೆಡ್‌ಫೋನು, ಒಂದು ಕಾಲು ಗಿಡ್ಡಾದ ಕುರ್ಚಿ. ಅಲ್ಲಿ ಕೂತು ಅವಳು ಇಂಗ್ಲಿಷ್ ಸಿನಿಮಾ ಹಾಕಬೇಕು, ನಿಲ್ಲಿಸಬೇಕು, ಹಿಂದಕ್ಕೆ ಓಡಿಸಬೇಕು, ಮತ್ತೆ ಹಾಕಬೇಕು. ಯಾವ ಪಾತ್ರ ಏನು ಹೇಳಿತು, ಯಾರ ಮಾತನ್ನು ಯಾರು ನಡುವೆ ಕಡಿದರು, ಯಾರು ಪ್ರಶ್ನೆ ಕೇಳಿದರು, ಯಾರು ಬರೀ ಹೂಂಗುಟ್ಟಿದರು, ಎಲ್ಲವನ್ನೂ ಬರೆದಿಡಬೇಕು. ಇಂಗ್ಲಿಷ್ ಕಾದಂಬರಿಗಳಿಗೂ ಅದೇ ಚಾಕರಿ. ಅಕ್ಕಿಯಿಂದ ಕಲ್ಲು ಆರಿಸುವ ಹಾಗೆ ಕಥೆಯಿಂದ ಮಾತು ಆರಿಸಿ ಕೊಡಬೇಕು. ದೊಡ್ಡ ಮೇಷ್ಟ್ರು ಆ ಹಾಳೆಗಳನ್ನು ಮುಂದಿಟ್ಟುಕೊಂಡು ಯಾರಿಗೆ ಎಷ್ಟು ಮಾತು ಎಂದು ಎಣಿಸುತ್ತಿದ್ದರು. ಇದಕ್ಕೆ ಅವರು ಇಟ್ಟ ಹೆಸರು ಮಾತಿನ ಪಾಲು. ಅದರ ಮೇಲೆ ದಿಂಬಿನಷ್ಟು ದಪ್ಪದ ಪುಸ್ತಕ ಬರೆದಿದ್ದರು. ಬೇರೆ ಕಾಲೇಜಿನ ಮೇಷ್ಟ್ರುಗಳು ಅದನ್ನು ಹೊಗಳುತ್ತಿದ್ದರು, ಓದುತ್ತಿರಲಿಲ್ಲ.

ಪುಸ್ತಕದ ಸಾರ ಇಷ್ಟೇ. ಹೆಚ್ಚು ಮಾತಾಡುವವನು, ಪ್ರಶ್ನೆ ಕೇಳುವವನು, ಇನ್ನೊಬ್ಬನ ಮಾತು ಕಡಿಯುವವನು ಗಟ್ಟಿ ಮನುಷ್ಯ, ಕಥೆಯ ಮುಖ್ಯ ಪಾತ್ರ. ಹೂಂ, ಇರಬಹುದು, ಗೊತ್ತಿಲ್ಲ ಎನ್ನುವವನು ಜೊಳ್ಳು, ಪೋಷಕ ಪಾತ್ರ. "ಮಾತು ಬಲ್ಲವ ಮಾಣಿಕ್ಯ ತಂದ" ಎಂದು ಮೇಷ್ಟ್ರು ಮೊದಲ ಪುಟದಲ್ಲೇ ಬರೆಸಿದ್ದರು.

ಇಷ್ಟೆಲ್ಲ ಬರೆದ ಮನುಷ್ಯ ಒಂದು ಸಿನಿಮಾವನ್ನೂ ಕೊನೆತನಕ ನೋಡಿದವರಲ್ಲ. ದೀಪ ಆರಿಸಿದರೆ ಗೊರಕೆ ಹೊಡೆಯುತ್ತಿದ್ದರು. ಕೇಳಿದರೆ, "ಕಣ್ಣು ಮೋಸ ಮಾಡುತ್ತೆ, ಕಿವಿ ಮೋಸ ಮಾಡುತ್ತೆ. ಕಾಗದ ಮಾಡಲ್ಲ" ಎನ್ನುತ್ತಿದ್ದರು. ಒಮ್ಮೆ ಒಂದು ಸಿನಿಮಾದಲ್ಲಿ ಮನೆಕೆಲಸದವಳೊಬ್ಬಳು ಬಾಯಿಯನ್ನೇ ಬಿಡುವುದಿಲ್ಲ. ಕೊನೆಯಲ್ಲಿ ಯಜಮಾನ ಮಳೆಯಲ್ಲಿ ನೆನೆಯುತ್ತ ಬಾಗಿಲಿಗೆ ಬಂದಾಗ ಒಳಗಿನಿಂದ ಅಗಳಿ ಹಾಕಿ ಒಲೆ ಮುಂದೆ ಹೋಗಿ ಕೂರುತ್ತಾಳೆ. ಕಿವಿಯಮ್ಮ ಅದನ್ನು ನೋಡಿ ಆ ದಿನ ಊಟ ಬಿಟ್ಟಿದ್ದಳು. ಮೇಷ್ಟ್ರಿಗೆ ಹೇಳಿದರೆ, "ಹಾಳೆಯಲ್ಲಿ ಅವಳ ಮಾತೇ ಇಲ್ಲವಲ್ಲ. ಮಾತಿಲ್ಲದವಳು ಪಾತ್ರ ಹೇಗಾಗ್ತಾಳೆ?" ಎಂದು ಕೇಳಿದರು. ಪಕ್ಕದಲ್ಲಿದ್ದ ಎರಡನೇ ಮೇಷ್ಟ್ರು, "ಹೌದಲ್ಲವೇ" ಎಂದರು. ಆ ಪುಣ್ಯಾತ್ಮನಿಗೆ ಹುಡುಗರು ಹೌದಪ್ಪ ಎಂದೇ ಹೆಸರಿಟ್ಟಿದ್ದರು. ದೊಡ್ಡ ಮೇಷ್ಟ್ರು ಎತ್ತು ಈದಿತು ಅಂದರೆ ಕರುವನ್ನು ಕೊಟ್ಟಿಗೆಗೆ ಕಟ್ಟುವ ಜಾತಿ.

ಆ ಹಿಂದಿನ ಕೋಣೆಯಿಂದ ಹೊರಗೆ ಬಂದು ತರಗತಿಯ ಮುಂದೆ ನಿಲ್ಲಬೇಕು ಎಂಬುದು ಕಿವಿಯಮ್ಮನ ಆಸೆ. ಅದಕ್ಕಿದ್ದದ್ದು ಈ ಒಂದೇ ದಾರಿ. ಅರ್ಜಿ ಹಾಕಿದಳು.

ಆ ಕೆಲಸಕ್ಕೆ ಇನ್ನೊಬ್ಬನೂ ಅರ್ಜಿ ಹಾಕಿದ್ದ. ಎತ್ತರದ ಆಳು, ಗಂಟಲಲ್ಲಿ ಗುಡುಗು, ಸೆಕೆಯಲ್ಲೂ ಕೊರಳಿಗೆ ಟೈ. ಅವನನ್ನು ಟೈ ಎಂದೇ ಕರೆಯೋಣ. ಬೇರೆ ಹೆಸರಿಗೆ ಅವನಲ್ಲಿ ಸರಕಿರಲಿಲ್ಲ.

ಆ ವಿಭಾಗದಲ್ಲಿ ಕೆಲಸಕ್ಕೆ ಆರಿಸುವ ಪದ್ಧತಿಯೇ ಬೇರೆ. ಬಂದವರನ್ನು ಒಂದು ಕೋಣೆಯಲ್ಲಿ ಕೂರಿಸಿ, ಸಂದರ್ಶನ ತಡವಾಗುತ್ತದೆ ಎಂದು ಸುಳ್ಳು ಹೇಳಿ, ಬಾಗಿಲು ಹಾಕಿಕೊಂಡು ಹೋಗುತ್ತಾರೆ. ಕಪಾಟಿನ ಮೇಲೆ ಮಾತು ಹಿಡಿಯುವ ಯಂತ್ರ ಇರುತ್ತದೆ. ಆಮೇಲೆ ಅವರ ಮಾತನ್ನು ಸಿನಿಮಾದ ಪಾತ್ರಗಳ ಮಾತಿನ ಹಾಗೆ ಬರೆಸಿ, ಪಾಲು ಹಾಕಿ, ಗಟ್ಟಿ ಯಾವುದು ಜೊಳ್ಳು ಯಾವುದು ಎಂದು ತೀರ್ಮಾನ ಮಾಡುತ್ತಾರೆ. ಹಿಂದೆಲ್ಲ ಬರೆದುಕೊಟ್ಟವಳು ಕಿವಿಯಮ್ಮನೇ. ಹಾಗಾಗಿ ಯಂತ್ರ ಎಲ್ಲಿದೆ, ಏನು ಮಾತಾಡಿದರೆ ಏನು ಸಿಗುತ್ತದೆ, ಎಲ್ಲ ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬೇಕಾದ ಮಾತು ಬಾಯಿಗೆ ಬರಲಿಲ್ಲ.

ಟೈ ಒಳಗೆ ಬಂದವನೇ ಫ್ಯಾನಿನ ಕಡೆ ನೋಡಿದ.

"ಇದು ತಿರುಗಲ್ವಾ ಮೇಡಂ?"

"ಗೊತ್ತಿಲ್ಲ."

"ಸ್ವಿಚ್ ಎಲ್ಲಿದೆ? ಇದಾ? ಛೆ, ಇದಲ್ಲ. ನೀವು ಸ್ವಲ್ಪ ಆ ಕಡೆ ಕುರ್ಚಿ ಹಾಕ್ಕೊಳ್ಳಿ, ಗಾಳಿ ನನಗೂ ಬರಲಿ. ಹಾಂ, ಹಾಗೆ. ಭಯ ಆಗ್ತಿದೆಯಾ?"

"ಇಲ್ಲ, ಸ್ವಲ್ಪ…"

"ಆಗ್ತಿದೆ, ಮುಖ ನೋಡಿದ್ರೆ ಗೊತ್ತಾಗುತ್ತೆ. ಭಯ ಪಡಬೇಡಿ ಮೇಡಂ. ಒಳಗೆ ಹೋದ ತಕ್ಷಣ ಕಣ್ಣಲ್ಲಿ ಕಣ್ಣಿಟ್ಟು ನೋಡಿ. ಅರ್ಧ ಗೆದ್ದ ಹಾಗೆ."

"ಇರಬಹುದು."

"ಇರಬಹುದು ಏನು, ಹಾಗೇ. ನೀರು ಎಲ್ಲಿ ಸಿಗುತ್ತೆ?"

ಅವಳು ಎದ್ದು ತನ್ನ ಚೀಲದಿಂದ ಬಾಟಲಿ ತೆಗೆದು ಕೊಟ್ಟಳು. ಅವನು ಪೂರ್ತಿ ಕುಡಿದು ಖಾಲಿ ಬಾಟಲಿ ಹಿಂದಕ್ಕೆ ಕೊಟ್ಟ. ಅದು ಯಂತ್ರಕ್ಕೆ ಕೇಳಲಿಲ್ಲ.

ಸಂದರ್ಶನ ಎಂಬುದು ಶಾಸ್ತ್ರಕ್ಕೆ ನಡೆಯಿತು. ಮಾರನೆಯ ಬೆಳಿಗ್ಗೆ ಮನೆಯಲ್ಲಿ ದೊಡ್ಡ ಮೇಷ್ಟ್ರು ಚಹಾ ಕುಡಿಯುತ್ತ, ಹಿಂದಿನ ದಿನದ ಮಾತು ಹಿಡಿದ ಯಂತ್ರವನ್ನು ತಂದು ಅವಳ ಮುಂದೆ ಇಟ್ಟರು.

"ಇದನ್ನ ಬರೆದುಕೊಡು. ಭಾನುವಾರಕ್ಕೆ ಬೇಕು."

"ನಾನಾ ಮಾವ? ಇದರಲ್ಲಿರೋದು ನಾನೇ ಅಲ್ವಾ?"

"ಅದಕ್ಕೇನೀಗ? ಬೇರೆ ಯಾರಿಗೆ ಬರುತ್ತೆ ಈ ಕೆಲಸ? ತೀರ್ಪು ಕೊಡೋದು ನಾವು. ನಿನ್ನದು ಬರೆಯೋ ಕೈ ಅಷ್ಟೇ. ಕೈಗೆ ಪಕ್ಷಪಾತ ಇರಲ್ಲ."

ಹುಲ್ಲಿಗೆ ಕಾವಲು ಹಸುವನ್ನೇ ಇಟ್ಟು ನಿಶ್ಚಿಂತೆಯಾಗಿ ಸ್ನಾನಕ್ಕೆ ಹೋದರು. ಹಸುವಿಗೆ ಹಸಿವಾಗಬಹುದು ಎಂಬುದು ಅವರ ದಪ್ಪ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

ಕಿವಿಯಮ್ಮ ವಿಭಾಗದ ಹಿಂದಿನ ಕೋಣೆಯಲ್ಲಿ ಕೂತು ತನ್ನ ದನಿಯನ್ನೇ ಕೇಳಿದಳು. ಗೊತ್ತಿಲ್ಲ. ಇಲ್ಲ, ಸ್ವಲ್ಪ… ಇರಬಹುದು. ಕೇಳಿಕೇಳಿ ಅವಳಿಗೇ ಹೇಸಿಗೆಯಾಯಿತು. ಇದನ್ನು ಇದ್ದ ಹಾಗೆ ಬರೆದುಕೊಟ್ಟರೆ ತನ್ನ ಕಥೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಸ್ವಲ್ಪ ಹೊತ್ತು ಪರದೆಯ ಅಂಚು ಹಿಡಿದು ಹೊರಗೆ ನೋಡಿದಳು. ಆಮೇಲೆ ಬಂದು ಕೂತು, ಅವನ ಮಾತನ್ನೆಲ್ಲ ತನ್ನ ಹೆಸರಿಗೆ ಬರೆದಳು, ತನ್ನ ಮಾತನ್ನೆಲ್ಲ ಅವನ ಹೆಸರಿಗೆ. ಫ್ಯಾನು, ಕುರ್ಚಿ, ನೀರು, ಭಯ, ಇವು ಯಾರ ಬಾಯಲ್ಲಾದರೂ ಬರುವ ಮಾತುಗಳು. ಮೇಡಂ ಇದ್ದ ಕಡೆ ಸಾರ್ ಮಾಡಿದಳು. ಅಷ್ಟೇ ದುರಸ್ತಿ. ಮೇಷ್ಟ್ರು ಯಂತ್ರವನ್ನು ಕಿವಿಗೆ ಹಿಡಿಯುವವರಲ್ಲ ಎಂಬ ಧೈರ್ಯ ಇತ್ತು. ಮಾವನ ಪುಸ್ತಕ ಹೇಳಿದ ಹಾಗೆ ಗಟ್ಟಿ ಪಾತ್ರ ಈಗ ತಾನೇ.

ಸಭೆ ಸೇರಿದ್ದು ಭಾನುವಾರ, ಮನೆಯ ಹಜಾರದಲ್ಲಿ. ವಿಭಾಗದ ಕುರ್ಚಿಗಳು ಗಟ್ಟಿ, ಮನೆಯ ಸೋಫಾ ಮೆತ್ತಗೆ. ಹೌದಪ್ಪ ತೊಳೆದ ಮುಖ ಹೊತ್ತು ಬಂದಿದ್ದರು. ಅಡುಗೆಮನೆಯಲ್ಲಿ ಅತ್ತೆ ಬೀನ್ಸ್ ನಾರು ತೆಗೆಯುತ್ತಿದ್ದಳು, ಕಿವಿಯಮ್ಮ ಬಾಗಿಲ ಮರೆಯಲ್ಲಿ ಲೋಟ ಒರೆಸುತ್ತಿದ್ದಳು. ಒರೆಸಿದ ಲೋಟವನ್ನೇ ಮತ್ತೆ ಮತ್ತೆ ಒರೆಸಿದಳು.

ಹಾಳೆ ಮಗುಚುವ ಸದ್ದು. ಆಮೇಲೆ ದೊಡ್ಡ ಮೇಷ್ಟ್ರ ದನಿ.

"ನಮ್ಮ ಹುಡುಗಿ ಏನಪ್ಪಾ ಇಷ್ಟು ಮಾತಾಡಿದ್ದಾಳೆ."

"ಹೌದು ಸಾರ್, ವಿಪರೀತ."

"ಪ್ರಶ್ನೆ ಮೇಲೆ ಪ್ರಶ್ನೆ. ಫ್ಯಾನು, ನೀರು, ಕುರ್ಚಿ. ಒಳಗೊಳಗೇ ಪುಕ್ಕಲು. ಭಯ ಮುಚ್ಚಿಕೊಳ್ಳೋಕೆ ಬಾಯಿ ಬಿಡ್ತಾರೆ ನೋಡಿ ಕೆಲವರು, ಆ ಪೈಕಿ."

"ಬಾಯಿಬಡುಕತನ ಸಾರ್."

"ಇವನನ್ನ ನೋಡಿ. ಇರಬಹುದು. ಗೊತ್ತಿಲ್ಲ. ಎಷ್ಟು ತೂಕದ ಮಾತು. ಅವಳು ಅಷ್ಟು ಕೆಣಕಿದರೂ ಒಂದೇ ಮಾತಲ್ಲಿ ಮುಗಿಸ್ತಾನೆ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅನ್ನೋಕೆ ಎದೆಗಾರಿಕೆ ಬೇಕು ರೀ."

"ಬೇಕೇ ಬೇಕು ಸಾರ್."

"ಮಾತು ಬೆಳ್ಳಿ, ಮೌನ ಬಂಗಾರ. ಮುಖ್ಯ ಪಾತ್ರ ಅಂದ್ರೆ ಇದು."

"ಆದರೆ ಸಾರ್, ಪುಸ್ತಕದಲ್ಲಿ ತಾವು ಮಾತಿನ ಪಾಲು…" ಎಂದು ಹೌದಪ್ಪ ಬದುಕಿನಲ್ಲಿ ಮೊದಲ ಸಲ ಅಡ್ಡದಾರಿ ಹಿಡಿಯಲು ಹೋದರು.

"ಪುಸ್ತಕದಲ್ಲಿ ಏನಿದೆ?"

"ಏನಿಲ್ಲ ಸಾರ್. ಚೆನ್ನಾಗಿದೆ."

ಕಿವಿಯಮ್ಮ ಲೋಟ ಕೆಳಗಿಟ್ಟಳು. ಅವಳಿಗೆ ಅಳು ಬರಲಿಲ್ಲ. ಅತ್ತೆಯ ಪಕ್ಕ ನೆಲದ ಮೇಲೆ ಕೂತು, ತಾನು ಮಾಡಿದ್ದನ್ನು ಮೆಲ್ಲಗೆ ಹೇಳಿದಳು. ಅತ್ತೆ ಬೀನ್ಸ್ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಕೇಳಿದಳು. ಆಮೇಲೆ ಸೆರಗನ್ನು ಬಾಯಿಗೆ ತುರುಕಿಕೊಂಡು, ಮೈಯೆಲ್ಲ ಕುಲುಕುವ ಹಾಗೆ ನಕ್ಕಳು.

"ಅತ್ತೆ ಒಡೆದ ಮಡಕೆಗೆ ಬೆಲೆಯಿಲ್ಲ, ಸೊಸೆ ಒಡೆದರೆ ಮಾತ್ರ ಅದು ಹೊಸ ಮಡಕೆ. ಹುಚ್ಚಿ, ನೀನು ಹಾಳೆ ತಿದ್ದಿದೆ. ನಿನ್ನ ಮಾವ ಹಾಳೆ ನೋಡೋಕೆ ಮುಂಚೇನೇ ತೀರ್ಪು ಬರೆದು ಮುಗಿಸಿದ್ರು. ಆ ಟೈ ಹುಡುಗನ್ನ ಕಾಲೇಜಿನ ಅಂಗಳದಲ್ಲಿ ನೋಡಿ ಬಂದ ದಿನವೇ ನನ್ನ ಹತ್ರ ಹೇಳಿದ್ರು, ಆಳು ಅಂದ್ರೆ ಹೀಗಿರಬೇಕು ಅಂತ."

"ಮೊದಲೇ ಹೇಳಬಾರದಿತ್ತಾ ಅತ್ತೆ?"

"ನೀನು ಕೇಳಲಿಲ್ಲ. ಈ ಮನೇಲಿ ನನ್ನ ಮಾತನ್ನ ಯಾರು ಕೇಳಿ ಬರೆದಿಟ್ಟಿದ್ದಾರೆ? ನೀನೂ ಅವರ ಹಾಗೆ ಹಾಳೆ ನಂಬಿದವಳೇ."

ಆ ಮಾತು ಕಿವಿಯಮ್ಮನಿಗೆ ನಾಟಿತು. ಗೆದ್ದಿದ್ದರೆ ಇಷ್ಟು ಹೊತ್ತಿಗೆ ತಾನೂ ಆ ಪುಸ್ತಕವನ್ನು ನಂಬಿಕೊಂಡು, ಟೈನ ಮಾತನ್ನು ತನ್ನದೆಂದು ಹೊತ್ತುಕೊಂಡು, ಹಜಾರಕ್ಕೆ ಚಹಾ ಒಯ್ಯುತ್ತಿದ್ದಳು. ಅದನ್ನು ನೆನೆದು ಅವಳಿಗೆ ಮಾವನ ಮೇಲೆ ಬಂದಷ್ಟೇ ತಾತ್ಸಾರ ತನ್ನ ಮೇಲೂ ಬಂತು.

ಹೌದಪ್ಪ ಬೆನ್ನು ಬಗ್ಗಿಸಿ ನಡೆದ ಮೇಲೆ ಅವಳು ಹಜಾರಕ್ಕೆ ಹೋದಳು. ಮೇಷ್ಟ್ರು ಹಾಳೆಗಳನ್ನು ಒಟ್ಟು ಮಾಡುತ್ತಿದ್ದರು.

"ಬೇಜಾರು ಮಾಡ್ಕೋಬೇಡ. ನೀನು ಸ್ವಲ್ಪ ಬಾಯಿ ಹಿಡಿತದಲ್ಲಿ ಇಟ್ಟುಕೊಂಡಿದ್ದರೆ…"

"ಮಾವ, ಅದು ಅದಲುಬದಲು. ಹೆಸರು ತಿರುಗಿಸಿ ಬರೆದೆ. ಬಾಯಿ ಹಿಡಿತದಲ್ಲಿ ಇಟ್ಟುಕೊಂಡವಳು ನಾನು. ಬೇಕಾದರೆ ಯಂತ್ರ ಹಾಕಿ ಕೇಳಿ."

ಮೇಷ್ಟ್ರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು. ಯಂತ್ರ ಅವರ ಮೊಣಕೈ ಪಕ್ಕದಲ್ಲೇ ಇತ್ತು. ಅದರ ಕಡೆ ನೋಡಲಿಲ್ಲ. ಸಿಟ್ಟು ಮಾಡುತ್ತಾರೆ ಎಂದು ಅವಳು ಕಾದಳು. ಸಿಟ್ಟು ಮಾಡಿದ್ದರೆ ಅಷ್ಟಾದರೂ ಮರ್ಯಾದೆ ಉಳಿಯುತ್ತಿತ್ತು.

"ಹಾಗಾದರೆ," ಎಂದು ಅವರು ನಿಧಾನವಾಗಿ ಹೇಳಿದರು, "ಅವನು ಅಷ್ಟು ಮಾತಾಡಿದ್ದಾನೆ ಅಂತಾಯ್ತು. ಪ್ರಶ್ನೆ ಎಲ್ಲ ಅವನದ್ದೇ. ಹಿಡಿತ ಪೂರ್ತಿ ಅವನದ್ದು. ಅಂದರೆ ಪುಸ್ತಕ ಸರಿಯಾಗೇ ಇದೆ."

"ಆಗಲೇ ಮೌನ ಬಂಗಾರ ಅಂದಿರಿ."

"ಅದು ಆ ಹಾಳೆಗೆ. ಇದು ಈ ಹಾಳೆಗೆ." ಆಮೇಲೆ ಅವರ ಮುಖ ಬೆಳಗಿತು. "ಇದು ಭಾರಿ ಒಳ್ಳೆ ಉದಾಹರಣೆ ಕಣೇ. ಹೇಗೆ ತಿರುಗಿಸಿದರೂ ಮುಖ್ಯ ಪಾತ್ರ ಮುಖ್ಯ ಪಾತ್ರವೇ. ಹೊಸ ಪುಸ್ತಕದಲ್ಲಿ ಒಂದು ಅಧ್ಯಾಯ ಮಾಡೋಣ. ನೀನೇ ಬರೆದುಕೊಡು. ಹೆಸರು ಹಾಕೋದು ಬೇಡ, ನಿನಗೆ ಅವಮಾನ ಆಗುತ್ತೆ. ಆ ಹುಡುಗ ಸೋಮವಾರದಿಂದ ಬರ್ತಾನೆ, ಅವನಿಗೂ ಸಿನಿಮಾಗಳ ಮಾತು ಬರೆದುಕೊಡಬೇಕು. ನಿನ್ನ ಕುರ್ಚಿ ಅಲ್ಲೇ ಇರುತ್ತೆ. ಆಯ್ತಾ?"

"ಹೂಂ," ಎಂದಳು ಕಿವಿಯಮ್ಮ.

ಜಗತ್ತಿನ ಸಿನಿಮಾಗಳಲ್ಲಿ ಯಾರು ಯಾಕೆ ಹೂಂ ಎನ್ನುತ್ತಾರೆ ಎಂದು ದಿಂಬಿನಷ್ಟು ದಪ್ಪ ಬರೆದ ಮನುಷ್ಯ ಅದನ್ನು ಒಪ್ಪಿಗೆ ಎಂದುಕೊಂಡು, ಸೋಫಾಕ್ಕೆ ಒರಗಿ ಕಣ್ಣು ಮುಚ್ಚಿದರು.

ಕಿವುಡರಿಗೆಂದು ಸಿನಿಮಾದ ಅಡಿಯಲ್ಲಿ ಮಾತು ಬರೆಯುವ ಒಂದು ಸಣ್ಣ ಕಚೇರಿ ಬೇರೆ ಊರಿನಲ್ಲಿತ್ತು. ಅವಳ ಜೊತೆ ಓದಿದವಳೊಬ್ಬಳು ಅದನ್ನು ನಡೆಸುತ್ತಿದ್ದಳು. ಕಿವಿಯಮ್ಮ ಮಂಗಳವಾರ ಫೋನು ಮಾಡಿದಳು. ಅಲ್ಲಿ ಬಾಗಿಲು ಕಿರುಗುಟ್ಟಿದರೂ ಬರೆಯಬೇಕು, ಯಾರಾದರೂ ಉಸಿರು ಬಿಟ್ಟರೂ ಬರೆಯಬೇಕು, ತಪ್ಪಿದರೆ ನೋಡುವವರು ಬೈದು ಕಾಗದ ಹಾಕುತ್ತಾರೆ ಎಂದು ಹೆದರಿಸಿಯೇ ಗೆಳತಿ ಕೆಲಸಕ್ಕೆ ಬಾ ಎಂದಳು. ಬೈಯುವವರಾದರೂ ಇದ್ದಾರಲ್ಲ ಎಂದು ಇವಳಿಗೆ ಸಮಾಧಾನವಾಯಿತು.

ಹೊರಡುವಾಗ ಅತ್ತೆ ಬಾಗಿಲ ತನಕ ಬಂದಳು.

"ನಿನ್ನ ಮಾವನಿಗೆ ಏನು ಹೇಳಲಿ?"

"ಕೇಳಿದರೆ ಹೇಳಿ."

"ಹಾಗಾದರೆ ಹೇಳೋ ಕೆಲಸ ಇಲ್ಲ ಬಿಡು," ಎಂದು ಅತ್ತೆ ಅವಳ ಚೀಲದ ಪಟ್ಟಿ ಸರಿಮಾಡಿದಳು. "ಕುಡಿಯೋ ನೀರು ಇಟ್ಕೊಂಡಿದ್ದೀಯಾ? ದಾರೀಲಿ ಸಿಕ್ಕಸಿಕ್ಕವರಿಗೆಲ್ಲ ಕೊಡಬೇಡ."

ಕಿವಿಯಮ್ಮ ಮನೆ ಬಿಟ್ಟದ್ದು ಗುರುವಾರ ಬೆಳಿಗ್ಗೆ. ಮನೆಯಲ್ಲಿ ಕಾಣದಿದ್ದರೆ ಕಾಲೇಜಿನಲ್ಲಿದ್ದಾಳೆ, ಕಾಲೇಜಿನಲ್ಲಿ ಕಾಣದಿದ್ದರೆ ಮನೆಯಲ್ಲಿದ್ದಾಳೆ ಎಂದುಕೊಂಡಿದ್ದ ದೊಡ್ಡ ಮೇಷ್ಟ್ರಿಗೆ ಅದು ತಿಳಿದದ್ದು ಶನಿವಾರ, ಎಣಿಸಲು ಹಾಳೆ ಬರದೆ ಹೋದಾಗ.