ಕೆಂದ ಹಸುವಿನ ಗಂಟಲು

"ಆಕ್ಲಾ ಕೈಯ, ಬೋಳಿಮಗನೆ. ಉಣ್ಣಾಕ್ ಕುಂತ್ರೆ ಎಮ್ಮೆ ತಲೆಯಂತಾ ಮುದ್ದೆ ನುಂಗ್ತೀಯ, ಹಸ ಸಾಯ್ತೈತೆ ಅಂದ್ರೆ ಕಲ್ಕಂಬ ನಿಂತಂಗೆ ನಿಂತಿದ್ದೀಯ."

ಮರುಳಸಿದ್ದಯ್ಯ ಬೈಲಪ್ಪನನ್ನು ಹೀಗೆ ಬೈಯುವಾಗ ಅವನ ಕೊಟ್ಟಿಗೆಯ ಮುಂದೆ ಅರ್ಧ ಊರೇ ಸೇರಿತ್ತು. ಕೆಂದ ಹಸು ಕಂಬಕ್ಕೆ ತಲೆಯೊತ್ತಿ ನಿಂತಿತ್ತು. ಬಾಯಿಂದ ಎಳೆಎಳೆಯಾಗಿ ಜೊಲ್ಲು ಇಳಿಯುತ್ತಿತ್ತು. ಕೂಗಿದರೆ ದನದ ಕೂಗಲ್ಲ, ಕುಲುಮೆಯ ಹರಕು ತಿದಿ ಒತ್ತಿದ ಸದ್ದು. ಮೇವನ್ನು ಬಾಯಿಗೆ ತೆಗೆದುಕೊಂಡು ಹಾಗೇ ಬಿಡುತ್ತಿತ್ತು. ಮಾವಿನ ವಾಟೆ ಗಂಟಲಿಗೆ ಸಿಕ್ಕಿರಬೇಕು ಎಂದು ಯಾರೋ ಅಂದಿದ್ದೇ ತಡ, ಎಲ್ಲರೂ ವಾಟೆಯೇ ಸರಿ ಎಂದರು. ಐ.ಡಿ.ಹಳ್ಳಿ ಸುತ್ತಿನಲ್ಲಿ ದನದ ಗಂಟಲಿಗೆ ಏನು ಸಿಕ್ಕರೂ ಕೈ ಹಾಕಿ ತೆಗೆಯುವವರು ಊರಾಚೆಯ ಹಟ್ಟಿಯವರು. ಅದೇ ಹಸುವಿನ ಹಾಲು ಕರೆಯುವ ತಂಬಿಗೆಗೆ ಬೈಲಪ್ಪನ ಬೆರಳು ತಾಗಿದ್ದರೆ ಬೆನ್ನ ಚರ್ಮ ಸುಲಿಯುತ್ತಿದ್ದರು. ಗಂಟಲೊಳಗೆ ಮೊಣಕೈಮಟ ಹಾಕಿದರೆ ಮಾತ್ರ ಮೈಲಿಗೆಯಿಲ್ಲ. ಈ ಶಾಸ್ತ್ರ ಬರೆದವನು ಬಲು ಜಾಣ ಕಣ್ರಪ್ಪ.

ಬೈಲಪ್ಪ ಆ ಮನೆಯ ಜೀತದಾಳು. ಅವನಪ್ಪನೂ ಅಲ್ಲೇ ಜೀತ ಮಾಡುತ್ತ ಸತ್ತವನು. ಇಂಥ ಕೆಲಸ ಅವನಿಗೆ ಹೊಸದಲ್ಲ. ಆದರೆ ಇವತ್ತು ಕೈ ಮೇಲೇಳಲೊಲ್ಲದು. ಗಂಟಲಲ್ಲಿ ವಾಟೆಯಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮರುಳಸಿದ್ದಯ್ಯನಿಗೂ ಗೊತ್ತಿತ್ತು.

ಸ್ವಾತಂತ್ರ್ಯ ಬಂದ ಮೇಲಿನ ಎರಡನೇ ಎಲೆಕ್ಷನ್ ಆದ ಬೇಸಿಗೆ ಅದು. ಯುಗಾದಿ ಆಸುಪಾಸಿನಲ್ಲಿ ಬೈಲಪ್ಪ ಗುಡ್ಡದ ಕೆಳಗೆ ದನ ಬಿಟ್ಟುಕೊಂಡು ಕೂತಿದ್ದಾಗ ಹಾಡಹಗಲೇ ಒಂದು ನರಿ ಬಂದಿತ್ತು. ನರಿ ಮುಖ ನೋಡಿದರೆ ಒಳ್ಳೇದಾಗುತ್ತೆ ಅಂತಾರಲ್ಲ, ಮೊದಲಿಗೆ ಬೈಲಪ್ಪ ಹಿಗ್ಗಿದ್ದೂ ಹೌದು. ಆದರೆ ಅದು ಮನುಷ್ಯರನ್ನು ಕಂಡು ಓಡುವ ನರಿಯಲ್ಲ. ಹಿಂಗಾಲು ಎಳೆದುಕೊಂಡು, ನೊರೆ ಸುರಿಸಿಕೊಂಡು ನೇರ ಬಂದು ಕೆಂದ ಹಸುವಿನ ಮೂತಿಗೆ ಬಾಯಿ ಹಾಕಿತು. ದೊಣ್ಣೆಯಿಂದ ಎಷ್ಟು ಬಡಿದರೂ ಬಿಡಲಿಲ್ಲ. ಸತ್ತ ಮೇಲೇ ಅದರ ಹಲ್ಲು ಸಡಿಲಾಗಿದ್ದು. ಸಂಜೆ ಧಣಿಗೆ ಎಲ್ಲವನ್ನೂ ಹೇಳಿದ, ಹುಚ್ಚು ನರಿಯೇ ಇರಬೇಕು ಅಂತಲೂ ಹೇಳಿದ. ಮರುಳಸಿದ್ದಯ್ಯ ಗಾಯಕ್ಕೆ ಅರಿಶಿನ ಮೆತ್ತಿಸಿ, ಯಾರಾದರೂ ಕೇಳಿದರೆ ಬೇಲಿ ಮುಳ್ಳು ಗೀರಿದೆ ಅನ್ನು, ಬೇರೆ ಏನಾದರೂ ಉಸುರಿದರೆ ನಾಲಿಗೆ ಇರುವುದಿಲ್ಲ ಎಂದ. ಕೆಂದ ಹಸುವಿನ ಹಾಲು ದಿನಾ ಈಶ್ವರನ ಗುಡಿಗೆ ಅಭಿಷೇಕಕ್ಕೆ ಹೋಗುತ್ತಿತ್ತು. ಅದೇ ಹಾಲು ತೀರ್ಥವಾಗಿ ಊರವರ ಅಂಗೈಗೆ ಬೀಳುತ್ತಿತ್ತು. ಆ ಸೇವೆ ನಡೆಸುವ ಮನೆ ಅಂತಲೇ ಗುಡಿಯ ಇನಾಮಿನ ಹೊಲವೆಲ್ಲ ಮರುಳಸಿದ್ದಯ್ಯನ ಕೈಲಿತ್ತು. ಹಾಲಿನ ಹೆಸರು ಕೆಟ್ಟರೆ ಹೊಲಕ್ಕೂ ಕುತ್ತು.

ಈಗ ಧಣಿ ಮತ್ತು ಜೀತಗಾರ ಒಬ್ಬರ ಮುಖ ಒಬ್ಬರು ನೋಡಿದರು. ಬೈಲಪ್ಪ ಹಿಂದೆ ಸರಿದರೆ ಯಾಕೆ ಅಂತ ಊರು ಕೇಳುತ್ತದೆ. ಮುಂದೆ ಹೋದರೆ ಸಾವು.

"ನನ್ ಕೈ ದಪ್ಪ ಬುದ್ದಿ, ಒಳೀಕ್ ಓಗಾಕಿಲ್ಲ," ಅಂದ. "ನಮ್ ಗಂಗಂದು ಸಣ್ ಕೈ. ಅವ್ನು ಆಕ್ಲಿ."

"ಊಂ, ಅದೂ ದಿಟವೇ," ಎಂದ ಮರುಳಸಿದ್ದಯ್ಯ, ಕಣ್ಣು ಬೇರೆ ಕಡೆ ಹೊರಳಿಸಿ.

ಗಂಗಹನುಮಯ್ಯ ಬೈಲಪ್ಪನ ಹೆಂಡತಿ ಕದುರಮ್ಮನ ತಮ್ಮ. ಅಪ್ಪ ಅವ್ವ ಇಲ್ಲದೆ ಅಕ್ಕನ ಮನೆಯಲ್ಲೇ ಬೆಳೆದು, ಈಗ ಬಾವಿ ತೋಡುವ ಕೂಲಿಗೆ ಹೋಗುವಷ್ಟು ದೊಡ್ಡವನಾಗಿದ್ದ. ಊರವರ ಮುಂದೆ ಬಾವ ತನ್ನ ಹೆಸರೆತ್ತಿದ ಎಂದು ಅವನಿಗೆ ಹೆಮ್ಮೆಯೇ ಆಯಿತು. ನಗುತ್ತ ಬಂದ. ನಾಲ್ಕು ಜನ ಕೊಂಬು ಹಿಡಿದರು. ಅವನು ಕೈಯನ್ನು ಮೊಣಕೈಯವರೆಗೂ ಇಳಿಸಿ ಅತ್ತಿತ್ತ ತಡಕಿ, ಏನೂ ಇಲ್ಲವಲ್ಲ ಬಾವ, ಬರೀ ಬೆಂಕಿಯಂಗೆ ಸುಡ್ತೈತೆ ಅಂದ. ಅಷ್ಟರಲ್ಲಿ ಹಸು ದವಡೆ ಕಚ್ಚಿತು. ಕೈ ಕಿತ್ತುಕೊಂಡಾಗ ಮಣಿಕಟ್ಟಿನ ಮೇಲೆ ಉದ್ದಕ್ಕೆ ಚರ್ಮ ಕಿತ್ತುಬಂದಿತ್ತು. ಗಂಗ ಅದನ್ನು ಪಂಚೆಗೆ ಒರೆಸಿಕೊಂಡ.

ಮಾರನೆಯ ದಿನ ಹಸು ಸತ್ತಿತು. ಸತ್ತ ದನ ಎಳೆಯುವುದು ಹಟ್ಟಿಯವರ ಪಾಲಿನ ಕೆಲಸ, ತಿನ್ನುವುದು ಹಟ್ಟಿಯವರ ಪಾಲಿನ ಹಬ್ಬ. ಬೈಲಪ್ಪ ಧಣಿಯ ಹಿತ್ತಿಲಿಗೆ ಹೋಗಿ, ಇದನ್ನು ಸುಲಿಯುವುದು ಬೇಡ, ಆಳುದ್ದ ಗುಂಡಿ ತೆಗೆದು ಹೂಳಿಬಿಡೋಣ, ಗಂಗನನ್ನು ಆಸ್ಪತ್ರೆಗೆ ಕರಕೊಂಡು ಹೋಗುತ್ತೇನೆ ಎಂದು ಕೈಮುಗಿದ. ಮರುಳಸಿದ್ದಯ್ಯ ಅಡಿಕೆ ಕತ್ತರಿಸುತ್ತಿದ್ದವನು ತಲೆಯೆತ್ತಲಿಲ್ಲ.

"ಬಾಡು ಅಂದ್ರೆ ಜೀವ ಬುಡೋ ಜಾತಿ, ಇವತ್ ಬ್ಯಾಡ ಅಂದ್ರೆ ಊರು ನಂಬ್ತದೇನ್ಲಾ? ಎಳ್ಕಂಡೋಗಿ ತಿನ್ಕಳಿ." ಆಮೇಲೆ ದನಿ ಇಳಿಸಿದ. "ಗಂಗನ್ ಕೈ ಆಕ್ಸಿದ್ದು ನಾನಲ್ಲ ಕಣ್ಲಾ ಬೈಲ. ನೀನು. ನಿನ್ನೆಂಡ್ರಿಗೆ ನಾನೇ ಯೋಳ್ಲಾ?"

ಅಲ್ಲಿಗೆ ಬೈಲಪ್ಪನ ಬಾಯಿಗೆ ಬೀಗ ಬಿತ್ತು. ಜೀತದ ಹಗ್ಗ ಕೊರಳಿಗೆ ಮೊದಲೇ ಇತ್ತು. ಈ ಹಗ್ಗವನ್ನು ಅವನೇ ಹೊಸೆದು ಕೊಟ್ಟಿದ್ದ.

ಹಟ್ಟಿಯಲ್ಲಿ ಪಕ್ಕದ ಗುಡಿಸಲಿನ ಚಿಕ್ಕನರಸಯ್ಯನೂ ಅವನ ಹೆಂಡತಿಯೂ ಚರ್ಮ ಸುಲಿದರು. ಕದುರಮ್ಮ ತಲೆಯನ್ನು ಮುಂದಿಟ್ಟುಕೊಂಡು ಕೂತಳು. ತಲೆ ಬಿಸಾಕೇ, ಎಂದ ಬೈಲಪ್ಪ. ತಲೆ ಬಿಸಾಕೋ ಸಾವ್ಕಾರ ಬಂದ ನೋಡಿ ಎಂದು ಅವಳು ನಕ್ಕಳು, ಎಲ್ಲರೂ ನಕ್ಕರು. ನಾಲಿಗೆ ಕೀಳುವಾಗ ಕುಡುಗೋಲು ಜಾರಿ ಅವಳ ಹೆಬ್ಬೆರಳ ಬುಡ ಸೀಳಿತು. ಬೂದಿ ಒತ್ತಿಕೊಂಡು ಮತ್ತೆ ಕೆಲಸಕ್ಕೆ ಕೂತಳು. ಬೈಲಪ್ಪ ಹೊಟ್ಟೆನೋವು ಅಂತ ಗೋಡೆ ಕಡೆ ತಿರುಗಿ ಮಲಗಿದ. ಒಲೆಯ ಮೇಲಿನ ಘಮಲಿಗೆ ಬಾಯಲ್ಲಿ ನೀರೂರಿತು. ಥೂ ನನ್ನ ಜನ್ಮಕ್ಕಿಷ್ಟು ಎಂದು ತನ್ನನ್ನೇ ಉಗಿದುಕೊಂಡ.

ಗಂಗನ ಗಾಯ ಮಾಗಿತು. ಬೈಲಪ್ಪನಿಗೆ ಜೀವ ಬಂದಂತಾಯಿತು. ನರಿಗೆ ಹುಚ್ಚೇ ಇರಲಿಲ್ಲವೇನೋ, ಹಸು ನಿಜವಾಗಿ ಬೇರೆ ಏನೋ ಆಗಿ ಸತ್ತಿತೇನೋ ಎಂದು ತನಗೆ ತಾನೇ ಹೇಳಿಕೊಂಡ. ತನ್ನ ಪಾಲಿನ ಮುದ್ದೆಯಲ್ಲಿ ಅರ್ಧ ಮುರಿದು ಗಂಗನ ತಟ್ಟೆಗೆ ಹಾಕುತ್ತಿದ್ದ, ಬೀಡಿ ತಂದು ಕೊಡುತ್ತಿದ್ದ. ಬಾವನಿಗೆ ಈಚೆಗೆ ಮರುಳು ಹಿಡಿದಿದೆ ಎಂದು ಗಂಗ ಅಕ್ಕನ ಹತ್ತಿರ ಹೇಳಿ ನಗುತ್ತಿದ್ದ.

ರಾಗಿ ಬಿತ್ತನೆ ಮುಗಿಯುವ ಹೊತ್ತಿಗೆ ಮಾಗಿದ ಗಾಯದಲ್ಲಿ ಇರುವೆ ಹರಿದಂತಾಗುತ್ತದೆ ಅಂದ ಗಂಗ. ಆಮೇಲೆ ಜ್ವರ. ಒಂದು ಬೆಳಿಗ್ಗೆ ಚೊಂಬು ಬಾಯಿಗೆ ಹಿಡಿದವನು ಗಂಟಲು ಹಿಸುಕಿದಂತಾಗಿ ಅದನ್ನು ಎಸೆದುಬಿಟ್ಟ. ಮತ್ತೆ ನೀರು ಕಂಡರೆ ಸಾಕು, ಮೈಯೆಲ್ಲ ಎಗರುತ್ತಿತ್ತು. ಗಾಳಿ ಬೀಸಿದರೂ ಕೂಗುತ್ತಿದ್ದ. ಹಟ್ಟಿಯಲ್ಲಿ ಗದ್ದಲವೆಂದು ತಿಳಿದ ಮರುಳಸಿದ್ದಯ್ಯ, ಹೆಂಡ ಕುಡಿದು ಕೊಬ್ಬಿದ್ದಾನೆ, ಹುಣಸೆ ಮರಕ್ಕೆ ಕಟ್ಟಿ ಎಂದು ಹೇಳಿಕಳಿಸಿದ. ಕಟ್ಟಿದರು. ಕಟ್ಟಿದವನು ಬೈಲಪ್ಪನೇ.

ಸಿರಾದ ಚರ್ಮದ ವ್ಯಾಪಾರಿ ಕುತುಬುದ್ದೀನ್ ಸೈಕಲ್ಲಿನಲ್ಲಿ ಹಟ್ಟಿಗೆ ಬಂದವನು ಮರದ ಹತ್ತಿರ ನಿಂತುಬಿಟ್ಟ. ಬಹಳ ಹೊತ್ತು ನೋಡಿದ. ಆಮೇಲೆ ಕದುರಮ್ಮನನ್ನು ಕರೆದು, ಇದು ಹೆಂಡವಲ್ಲ, ದೆವ್ವವಲ್ಲ, ನಮ್ಮ ಚಾಚಾ ಕೂಡ ಹೀಗೇ ಹೋದದ್ದು ಎಂದ.

"ಉಚ್ಚು ಪ್ರಾಣಿ ವಿಷ ತಾಯಿ ಇದು. ಇವನ್ದು ಟೈಮ್ ಆಗೋಗೈತೆ. ಆ ಪ್ರಾಣೀನ ಮುಟ್ಟಿದೋರು ಯಾರಾದ್ರೂ ಇದ್ರೆ ತುಮಕೂರ್ ದೊಡ್ಡಾಸ್ಪತ್ರೆಗೆ ಓಗ್ಲಿ. ಹೊಕ್ಕುಳ್ ಸುತ್ತಾ ಸೂಜಿ ಆಕ್ತಾರೆ, ಉಳೀತಾರೆ. ಏನ್ ಕಚ್ಚಿತ್ತು?"

ಯಾವ ನಾಯಿಯೂ ಕಚ್ಚಿಲ್ಲ ಕಣಣ್ಣ ಎಂದು ಕದುರಮ್ಮ ಗಂಡನ ಕಡೆ ನೋಡಿದಳು. ಬೈಲಪ್ಪ ಹಗ್ಗದ ಗಂಟು ಸರಿಮಾಡುವವನಂತೆ ಬಗ್ಗಿದ.

ಅವತ್ತು ಸಂಜೆ ಸೆಳೆತ ನಿಂತು ಗಂಗನಿಗೆ ಸ್ವಲ್ಪ ನೆಮ್ಮದಿಯಾಯಿತು. ಆ ರೋಗದಲ್ಲಿ ಹಾಗೆಯೇ ಅಂತೆ, ಬುದ್ಧಿ ಕೊನೆವರೆಗೂ ತಿಳಿಯಾಗಿರುತ್ತದಂತೆ. ತುಟಿ ಒಡೆದು ಕಪ್ಪಾಗಿತ್ತು.

"ಬಾವ," ಅಂದ, "ಆ ಕೆಂದ ಅಸುವ್ಗೆ ಏನಾಗಿತ್ತು?"

"ವಾಟೆ ಸಿಕ್ಕಿತ್ತು ಕಣ್ಲಾ."

"ಇರ್ನಿಲ್ವಲ್ಲ ಬಾವ. ನಾನ್ ತಡಕಿದ್ನಲ್ಲ."

ಬೈಲಪ್ಪ ಎದ್ದು ಹೋಗಿ ಬೇಲಿ ಹತ್ತಿರ ನಿಂತ. ಬೆಳಗಾಗುವಷ್ಟರಲ್ಲಿ ಗಂಗ ಸತ್ತಿದ್ದ. ಅಕ್ಕ ಇಟ್ಟ ನೀರಿನ ಮಡಕೆ ತುಂಬಿದ್ದು ತುಂಬಿದಂತೇ ಇತ್ತು.

ಆಮೇಲೆ ಬೈಲಪ್ಪನಿಗೆ ಒಂದು ಹೊಸ ಕೆಲಸ ಹತ್ತಿಕೊಂಡಿತು. ಕದುರಮ್ಮ ನೀರು ಕುಡಿಯುವಾಗೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದ. ಗುಟುಕು ಇಳಿದರೆ ಉಸಿರು ಬಿಡುತ್ತಿದ್ದ. ಅವಳು ಕೆಮ್ಮಿದರೆ ಇವನು ನೀರಿನ ಚೊಂಬು ತಂದು ಮುಂದೆ ಹಿಡಿಯುತ್ತಿದ್ದ. ಹೆಬ್ಬೆರಳ ಬುಡದ ಗೀರು ಮಾಗಿ ಬೆಳ್ಳಗಾಗಿತ್ತು. ಗಂಗನ ಗಾಯವೂ ಮಾಗಿತ್ತಲ್ಲ. ಕೊನೆಗೆ ಧಣಿಯ ಕಾಲಿಗೆ ಬಿದ್ದು, ಹೆಂಡತಿಯನ್ನು ತುಮಕೂರಿಗೆ ಕರಕೊಂಡು ಹೋಗಲು ಬಿಡಿ ಎಂದು ಬೇಡಿದ. ಮರುಳಸಿದ್ದಯ್ಯ ಕಾಲು ಜಾಡಿಸಿದ. ಆಸ್ಪತ್ರೆಯವರು ಏನು ಕಚ್ಚಿತು ಅಂತ ಕೇಳುತ್ತಾರೆ, ನೀನು ಬೊಗಳುತ್ತೀಯ, ಗುಡಿಯ ಹಾಲಿನವರೆಗೆ ಬರುತ್ತದೆ ಎಂದ. ಊರ ಗಡಿ ದಾಟಿದರೆ ಹಟ್ಟಿಗೆ ಬೆಂಕಿ ಬೀಳುತ್ತದೆ ಅಂತಲೂ ಹೇಳಿದ.

ಬೈಲಪ್ಪ ಮನೆಗೆ ಬಂದಾಗ ಕದುರಮ್ಮ ರಾಗಿ ಕೇರುತ್ತಿದ್ದಳು. ಅವಳ ಮುಂದೆ ಕೂತು ಎಲ್ಲವನ್ನೂ ಹೇಳಿದ. ನರಿ ಬಂದಿದ್ದು, ಹಸುವಿನ ಮೂತಿ, ಧಣಿಯ ತಾಕೀತು, ಕೊಟ್ಟಿಗೆಯಲ್ಲಿ ತಾನು ಆಡಿದ ಮಾತು. ಅವಳು ಮೊರ ಕೆಳಗಿಟ್ಟಳು.

"ನನ್ ತಮ್ಮನ್ ಕೈ ಸಣ್ದು ಅಂತ ನೀನೇ ಅಂದ್ಯಾ?"

"ಊಂ."

"ಗೊತ್ತಿದ್ದೂ?"

ಅವಳು ಹೊಡೆಯಲಿಲ್ಲ, ಅಳಲಿಲ್ಲ. ಹೊಡೆದಿದ್ದರೆ ಚೆನ್ನಾಗಿತ್ತು ಎಂದುಕೊಂಡ. ಅವಳು ಮೊರದ ರಾಗಿಯನ್ನು ಮಡಕೆಗೆ ಸುರಿದು ಎದ್ದಳು.

"ನನ್ನೊಬ್ಳನ್ನೇ ಕದ್ದು ಕರ್ಕಂಡೋಗಿ ಸೂಜಿ ಚುಚ್ಚಿಸ್ಬ್ಯಾಡ. ಚಿಕ್ಕನರಸಯ್ಯನೂ ಸುಲ್ದವ್ನೆ, ಅವ್ನೆಂಡ್ತೀನೂ ಸುಲ್ದವ್ಳೆ. ಗುಡೀತಾವ ಓಗಿ ಎಲ್ರ ಮುಂದೂ ಯೋಳು. ನಂಗ್ ಯೋಳ್ದಂಗೇ ಯೋಳು. ನಿನ್ ಪಾಲ್ದೂ ಬುಡಬ್ಯಾಡ."

ಸೋಮವಾರ ಪೂಜೆಗೆ ಊರು ನೆರೆದಿತ್ತು. ಹಟ್ಟಿಯವರು ನಿಲ್ಲುವ ಕಲ್ಲಿನ ಆಚೆ ನಿಂತು ಬೈಲಪ್ಪ ಕೂಗಿ ಹೇಳಿದ. ಕೆಂದ ಹಸುವಿಗೆ ಹುಚ್ಚು ನರಿ ಕಚ್ಚಿತ್ತು, ಆ ಹಾಲನ್ನೇ ಸಾಯುವವರೆಗೂ ನೀವೆಲ್ಲ ತೀರ್ಥ ಅಂತ ಕುಡಿದಿರಿ, ಧಣಿಗೆ ಎಲ್ಲ ಗೊತ್ತಿತ್ತು ಎಂದ. ಪೂಜಾರಿಯ ಕೈಯ ತೀರ್ಥದ ಉದ್ಧರಣೆ ನೆಲಕ್ಕೆ ಬಿತ್ತು. ಮರುಳಸಿದ್ದಯ್ಯ ಮುಂದೆ ಬಂದು, ಈ ಸೂಳೆಮಗ ಸುಳ್ಳು ಹೇಳುತ್ತಾನೆ, ಬಾಮೈದನ ಕೈ ಹಾಕಿಸಿ ಕೊಂದವನೇ ಇವನು, ಕೇಳಿ ಎಂದು ಅರಚಿದ.

"ಊಂ ಬುದ್ದಿ, ನಾನೇ," ಎಂದ ಬೈಲಪ್ಪ. "ಅವ್ನನ್ ಕೊಂದೋನು ನಾನೇ. ಆಲು ಕುಡ್ಸಿದ್ದು ನೀವು."

ಒಬ್ಬ ಬಾಯೊಳಗಿನ ತೀರ್ಥ ಉಗಿದ. ಇನ್ನೊಬ್ಬ ಗಂಟಲಿಗೆ ಬೆರಳು ಹಾಕಿಕೊಂಡ. ತಾಯಂದಿರು ಮಕ್ಕಳ ನಾಲಿಗೆಯನ್ನು ಸೆರಗಿನಲ್ಲಿ ಉಜ್ಜತೊಡಗಿದರು. ಬೈಲಪ್ಪನನ್ನು ಹೊಡೆಯಲು ಕೂಡ ಯಾರಿಗೂ ಪುರಸೊತ್ತಿರಲಿಲ್ಲ. ಪಾವಗಡದಿಂದ ತುಮಕೂರಿಗೆ ಹೋಗುವ ಬಸ್ಸು ಬರುವಷ್ಟರಲ್ಲಿ ಮೇಲ್ಜಾತಿಯ ಬೀದಿ ಅಷ್ಟೂ ರಸ್ತೆಯಲ್ಲಿತ್ತು. ಗಂಗ ಮರಕ್ಕೆ ಕಟ್ಟಿಸಿಕೊಂಡು ಒದ್ದಾಡುತ್ತಿದ್ದಾಗ ಈ ಊರಿಗೆ ಬಸ್ಸು ಬರುತ್ತದೆಂಬುದೇ ಯಾರಿಗೂ ನೆನಪಾಗಿರಲಿಲ್ಲ. ಎಲ್ಲರಿಗಿಂತ ಮೊದಲು ಹತ್ತಿ ಮುಂದಿನ ಸೀಟು ಹಿಡಿದವಳು ಮರುಳಸಿದ್ದಯ್ಯನ ಹೆಂಡತಿ ಶಿವರುದ್ರಮ್ಮ. ಅವಳ ಹಿಂದೆ, ಎಲ್ಲ ಸುಳ್ಳು ಎನ್ನುತ್ತಲೇ, ಮರುಳಸಿದ್ದಯ್ಯನೂ ಹತ್ತಿದ.

ಹಟ್ಟಿಯ ಮೂವರು ಬಾಗಿಲಿಗೆ ಬಂದಾಗ ಜಾಗವಿಲ್ಲ, ನಾಳೆ ಬನ್ನಿ ಎಂದು ಕಂಡಕ್ಟರ್ ಕೈಯಾಡಿಸಿದ. ನಾಳೆ ಅವರನ್ನು ಊರು ಬಿಡಲು ಯಾರು ಬಿಡುತ್ತಾರೆ? ಬೈಲಪ್ಪ ಬಸ್ಸಿನ ಮುಂದಕ್ಕೆ ಹೋಗಿ ಗಾಲಿಗೆ ಅಡ್ಡಲಾಗಿ ಮಲಗಿಬಿಟ್ಟ.

ಡ್ರೈವರ್ ಹಾರನ್ ಒತ್ತಿದ. ಧಣಿಯ ಮಗ ರೇಣುಕಯ್ಯ ಇಳಿದು ಬಂದು ಪಕ್ಕೆಗೆ ಒದ್ದ, ಮುಖಕ್ಕೆ ಒದ್ದ. ಬೈಲಪ್ಪ ಗಾಲಿಯನ್ನು ತಬ್ಬಿಕೊಂಡ. ಮೂವರೂ ಹತ್ತಲಿ, ಆಮೇಲೆ ಏಳುತ್ತೇನೆ ಎಂದು ರಕ್ತದ ಬಾಯಲ್ಲೇ ಹೇಳಿದ. ಒಳಗಿದ್ದವರಿಗೆ ವಿಷ ತಲೆಗೇರುತ್ತಿದೆಯೆಂಬ ಭಯ, ಹತ್ತಿಸಿಕೊಂಡು ಸಾಯಯ್ಯ ಎಂದು ಅವರೇ ಡ್ರೈವರನ ಮೇಲೆ ಬಾಯಿ ಮಾಡಿದರು. ಚಿಕ್ಕನರಸಯ್ಯ ಹತ್ತಿದ, ಅವನ ಹೆಂಡತಿ ಹತ್ತಿದಳು. ಕದುರಮ್ಮ ನಿಂತುಕೊಳ್ಳಲಿಲ್ಲ. ಸೀದಾ ಹೋಗಿ ಶಿವರುದ್ರಮ್ಮನ ಪಕ್ಕದಲ್ಲಿ ಕೂತಳು. ಶಿವರುದ್ರಮ್ಮ ಸೆರಗು ಎಳೆದುಕೊಂಡಳೇ ಹೊರತು ಜಾಗ ಬಿಟ್ಟು ಏಳಲಿಲ್ಲ.

ಬೈಲಪ್ಪ ಎದ್ದು ಬಂದು ಮೆಟ್ಟಿಲ ಮೇಲೆ ಒಂದು ಕಾಲಿಟ್ಟ.

"ನೀನ್ ಬರ್ಬ್ಯಾಡ," ಅಂದಳು ಕದುರಮ್ಮ, ಅವನ ಕಡೆ ನೋಡದೆ. "ಓಗಿ ಅವ್ನ್ ಮಣ್ಣಿನ್ತಾವ ಕುಂತ್ಕ."

ಅವನು ಕಾಲು ತೆಗೆದ. ಬಸ್ಸು ಹೊರಟಿತು. ರೇಣುಕಯ್ಯ ಮಾತ್ರ ಮತ್ತೆ ಅದಕ್ಕೆ ಹತ್ತಿರಲಿಲ್ಲ. ಅವನೂ ಅವನ ಕಡೆಯ ನಾಲ್ಕು ಜನರೂ ಬೇಲಿಯ ಗೂಟ ಕಿತ್ತುಕೊಂಡು ರಸ್ತೆಯ ಎರಡೂ ಕಡೆಯಿಂದ ಬರುತ್ತಿದ್ದರು. ಬೈಲಪ್ಪ ಓಡಲಿಲ್ಲ. ಹುಣಸೆ ಮರದ ಆಚೆ ಗಂಗನನ್ನು ಹೂಳಿದ ಕಡೆಗೆ ನಡೆಯತೊಡಗಿದ.